ಪೂರ್ವಿಕರ ಊರಿನ ಚರ್ಚಿಗೆ ಹೋಗುವ ಮುನ್ನ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಮೈಸೂರಿನಿಂದ ಲಂಡನ್, ಮ್ಯಾಂಚೆಸ್ಟರ್, ಗ್ಲಾಸ್ಗೋ ಕಡೆ ವಿಮಾನ ಹತ್ತುವವರು ಹೆಚ್ಚುತ್ತಾರೆ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ, ಎರಡು ಮೂರು ತಿಂಗಳು ಇದ್ದು ಬರೋಣವೆಂದು ಹೊರಡುತ್ತಾರೆ. ಇವರಲ್ಲಿ ಆಂಗ್ಲೋ-ಇಂಡಿಯನ್ ಮನೆತನದವರು, ಹಿರಿಯರು ಸೈನ್ಯದಲ್ಲೋ ರೈಲ್ವೆಯಲ್ಲೋ ಕೋಲಾರದ ಚಿನ್ನದ ಗಣಿಯಲ್ಲೋ ದುಡಿದವರು, ‘ನಮ್ಮ ಮುತ್ತಜ್ಜನ ಊರು ಅಲ್ಲೇ ಎಲ್ಲೋ ಇದೆಯಂತೆ, ಒಂದು ಭಾನುವಾರ ಆ ಚರ್ಚಿಗೂ ಹೋಗಿ ಬರೋಣ’ ಎಂಬ ಆಸೆ ಇಟ್ಟುಕೊಂಡಿರುತ್ತಾರೆ. ಒಳ್ಳೆಯ ಆಸೆ. ಆದರೆ ತಯಾರಿಯಿಲ್ಲದೆ ಹೋದವರು ಬೀಗ ಹಾಕಿದ ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುವುದೇ ಹೆಚ್ಚು. ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಿ ವೀಸಾ, ಹೋಟೆಲು, ನೋಡಬೇಕಾದ ಅರಮನೆಗಳ ವಿವರ ಬೇಕಾದಷ್ಟು ಬರುತ್ತದೆ, ಇದು ಬರುವುದಿಲ್ಲ. ಹಳೆಯ ಚರ್ಚ್ ದಾಖಲೆಗಳನ್ನು ಓದಿ, ಹುಡುಕುವವರಿಗೆ ದಾರಿ ತೋರಿಸುವ ಕೆಲಸದಲ್ಲಿರುವ ನಾವು, ಹೊರಟು ನಿಂತವರಿಗೆ ಉಪಯೋಗವಾಗಲೆಂದು ತುಸು ಉದ್ದವಾಗಿಯೇ ಬರೆಯುತ್ತಿದ್ದೇವೆ.

ಮೊದಲಿಗೇ ಒಂದು ಮಾತು. ಆರಾಧನೆಗೆ ಹೋಗುವುದು ಬೇರೆ, ದಾಖಲೆ ಹುಡುಕುವುದು ಬೇರೆ. ಎರಡನ್ನೂ ಒಂದೇ ಭಾನುವಾರ ಬೆಳಿಗ್ಗೆ ಮುಗಿಸಲು ಹೊರಟರೆ ಎರಡೂ ಕೆಡುತ್ತವೆ. ಆರಾಧನೆ ಮುಗಿಸಿ ಬಾಗಿಲಲ್ಲಿ ನಿಂತ ಪಾದ್ರಿಗಳನ್ನು ತಡೆದು ‘1840ರ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಸ್ತಕ ತೋರಿಸಿ’ ಎಂದರೆ ಅವರು ಕೈಚೆಲ್ಲುತ್ತಾರೆ. ಅವರಿಗೆ ಮನಸ್ಸಿಲ್ಲವೆಂದಲ್ಲ, ಪುಸ್ತಕ ಅಲ್ಲಿ ಇರುವುದೇ ಇಲ್ಲ. ಇಂಗ್ಲೆಂಡಿನ ಹಳೆಯ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು-ಕೇರಿ) ರಿಜಿಸ್ಟರುಗಳು ಬಹುಪಾಲು ಆಯಾ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ದಾಖಲೆ ಕಚೇರಿ ಸೇರಿವೆ. ಬರೆದು ಮುಗಿದ, ನೂರು ವರ್ಷ ದಾಟಿದ ರಿಜಿಸ್ಟರುಗಳನ್ನು ಹೀಗೆ ಒಪ್ಪಿಸಬೇಕೆಂದು ಅಲ್ಲಿನ ಆಂಗ್ಲಿಕನ್ ಸಭೆಯಾದ ಚರ್ಚ್ ಆಫ್ ಇಂಗ್ಲೆಂಡ್ 1978ರಲ್ಲಿ ನಿಯಮ ಮಾಡಿತು. ದಾಖಲೆ ಕಚೇರಿ ತೆರೆಯುವುದು ವಾರದ ದಿನಗಳಲ್ಲಿ. ಅದೂ ಎಲ್ಲ ದಿನ ಅಲ್ಲ, ಮೊದಲೇ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್ ಒಯ್ಯಿರಿ, ಪೆನ್ಸಿಲ್ ಒಯ್ಯಿರಿ. ಓದುವ ಕೋಣೆಯೊಳಕ್ಕೆ ಪೆನ್ನು ಬಿಡುವುದಿಲ್ಲ. ಕಾಗದದ ಕೆಲಸವೆಲ್ಲ ವಾರದ ನಡುವೆ ಮುಗಿಯಲಿ, ಭಾನುವಾರದ ಬೆಳಗನ್ನು ದೇವರಿಗೂ ಆ ಊರಿನ ಜನಕ್ಕೂ ಬಿಟ್ಟುಕೊಡಿ.

ಅದಕ್ಕೂ ಮುಂಚೆ ಅರ್ಧ ಕೆಲಸ ಇಲ್ಲೇ, ಮೈಸೂರಿನಲ್ಲೇ ಆಗಬೇಕು. ‘ಇಂಗ್ಲೆಂಡಿನಿಂದ ಬಂದವರು’ ಎಂಬುದು ವಿಳಾಸವಲ್ಲ. ಮಂಡ್ಯ ಜಿಲ್ಲೆಯೊಂದರಲ್ಲೇ ಎಷ್ಟು ಹೊಸಹಳ್ಳಿಗಳಿವೆ, ಎಷ್ಟು ಕೊಪ್ಪಲುಗಳಿವೆ! ಅಲ್ಲಿಯೂ ನ್ಯೂಟನ್, ಸಟನ್, ಪ್ರೆಸ್ಟನ್ ಎಂಬ ಊರುಗಳು ಕೌಂಟಿಗೆ ಹಲವು. ಸೇಂಟ್ ಮೇರೀಸ್ ಚರ್ಚಂತೂ ಎಲ್ಲಿ ನೋಡಿದರೂ ಇದೆ. ಕೌಂಟಿಯ ಹೆಸರು, ಪ್ಯಾರಿಷ್‌ನ ಹೆಸರು, ಯಾವ ಸಭೆಗೆ (ಆಂಗ್ಲಿಕನ್, ಕ್ಯಾಥೊಲಿಕ್, ಮೆಥಡಿಸ್ಟ್ ಹೀಗೆ) ಸೇರಿದವರು ಎಂಬ ಮೂರೂ ಕೈಯಲ್ಲಿರದೆ ಟಿಕೆಟ್ ಮಾಡಿಸಬೇಡಿ. ಮನೆಯಲ್ಲಿರುವ ಮದುವೆ ಪತ್ರ, ಪಿಂಚಣಿ ಕಾಗದ, ಕುಟುಂಬದ ಬೈಬಲ್ಲಿನ ಮೊದಲ ಹಾಳೆ, ಫೋಟೊಗಳ ಹಿಂಬದಿ, ಎಲ್ಲವನ್ನೂ ಒಮ್ಮೆ ಕೆದಕಿ ನೋಡಿ.

ಕ್ಯಾಥೊಲಿಕ್ ಮನೆತನವಾದರೆ ಇಲ್ಲಿನ ಧರ್ಮಕೇಂದ್ರದ ಗುರುಗಳನ್ನು ವಾರದ ದಿನ ಕಂಡು, ಜ್ಞಾನಸ್ನಾನದ (ದೀಕ್ಷಾಸ್ನಾನಕ್ಕೆ ಕ್ಯಾಥೊಲಿಕರು ಹೇಳುವ ಹೆಸರು) ದಾಖಲೆಯ ನಕಲು ಕೇಳಬಹುದು. ಹಳೆಯವು ಲ್ಯಾಟಿನ್‌ನಲ್ಲಿರುತ್ತವೆ, ಹೆಸರುಗಳೂ ಲ್ಯಾಟಿನ್ ವೇಷ ಹಾಕಿರುತ್ತವೆ. ‘ಯಾಕೋಬುಸ್’ ಎಂದಿದ್ದರೆ ಜೇಮ್ಸ್, ‘ಗುಲಿಯೆಲ್ಮುಸ್’ ಎಂದರೆ ವಿಲಿಯಂ, ‘ಕರೋಲುಸ್’ ಎಂದರೆ ಚಾರ್ಲ್ಸ್. ‘ನಾತುಸ್’ ಎಂಬ ಪದದ ಮುಂದಿರುವುದು ಹುಟ್ಟಿದ ದಿನ, ‘ಪತ್ರಿನುಸ್’ ಎಂದರೆ ಜ್ಞಾನತಂದೆ. ಈ ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನು ಜನ ಬರೆದುಕೊಳ್ಳುವುದೇ ಇಲ್ಲ. ಅದು ಬಹಳ ಸಲ ಅಜ್ಜನ ತಮ್ಮನದೋ ಸೋದರತ್ತೆಯದೋ ಆಗಿದ್ದು, ಮುಂದಿನ ಎಳೆ ಸಿಗುವುದು ಅಲ್ಲೇ. ಇನ್ನೊಂದು, ಪುಟದ ಅಂಚನ್ನು ಮರೆಯಬೇಡಿ. 1908ರಿಂದೀಚೆಗೆ ಯಾರಿಗಾದರೂ ಮದುವೆಯಾದರೆ ಅದನ್ನು ಅವರ ಜ್ಞಾನಸ್ನಾನದ ನಮೂದಿನ ಪಕ್ಕ ಅಂಚಿನಲ್ಲಿ ಬರೆಯಬೇಕೆಂಬ ಕಟ್ಟಳೆ ಬಂತು. ಯಾವ ಊರಿನಲ್ಲಿ, ಯಾರೊಂದಿಗೆ ಎಂಬ ಎರಡೂ ಆ ಸಣ್ಣ ಅಕ್ಷರದಲ್ಲಿರುತ್ತವೆ. ನಕಲು ಕೇಳುವಾಗ ಅಂಚೂ ಬರಲಿ ಎಂದು ಬಾಯಿಬಿಟ್ಟು ಹೇಳಿ.

ಪ್ರಾಟೆಸ್ಟೆಂಟ್ ಮನೆತನಗಳಿಗೆ ಬೇರೊಂದು ಅನುಕೂಲವಿದೆ. ಇಲ್ಲಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಯನ್ನು ಮದ್ರಾಸಿನ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ. ಎನ್/1 ಬಂಗಾಳ, ಎನ್/3 ಬೊಂಬಾಯಿ. ಮೈಸೂರು ಸೀಮೆಯದು ಮದ್ರಾಸಿನ ಎನ್/2. ಫ್ಯಾಮಿಲಿಸರ್ಚ್ ಜಾಲತಾಣದಲ್ಲೂ, ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ ಇರುವ ಫಿಬಿಸ್ ಸಂಘದ ಜಾಲತಾಣದಲ್ಲೂ ಸೂಚಿಯನ್ನು ದುಡ್ಡು ಕೊಡದೆ ನೋಡಬಹುದು. ಪುಟದ ಚಿತ್ರ ಬೇಕಾದರೆ ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣಕ್ಕೆ ಚಂದಾ ಕಟ್ಟಬೇಕು. ಹುಡುಕುವಾಗ ಊರಿನ ಹೆಸರೇ ಮೊದಲ ಎಡವುಗಲ್ಲು. ಶ್ರೀರಂಗಪಟ್ಟಣ ಎಂದು ಹಾಕಿದರೆ ಏನೂ ಬರುವುದಿಲ್ಲ, ಸೆರಿಂಗಪಟಂ ಎಂದು ಹಾಕಬೇಕು. ಇಲವಾಲ ಎಂಬುದು ಯೆಲ್ವಾಲ್, ರಾಮನಗರ ಕ್ಲೋಸ್‌ಪೇಟೆ. ‘ಫ್ರೆಂಚ್ ರಾಕ್ಸ್‌ನಲ್ಲಿ ಜನನ’ ಎಂದು ಕಂಡು ಫ್ರಾನ್ಸಿನಲ್ಲಿ ಹುಡುಕಲು ಹೋಗಬೇಡಿ. ಅದು ನಮ್ಮ ಪಾಂಡವಪುರ. 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ದಂಡು ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟು, ಜ್ವರದ ಕಾಟಕ್ಕೆ 1809ರ ಹೊತ್ತಿಗೆ ಬೆಂಗಳೂರಿಗೆ ಎದ್ದುಹೋಯಿತು. ಆ ಕಾಲದ ಸೈನಿಕನ ಮಕ್ಕಳಲ್ಲಿ ಅಣ್ಣ ಶ್ರೀರಂಗಪಟ್ಟಣದಲ್ಲಿ ಹುಟ್ಟಿ ತಂಗಿ ಬೆಂಗಳೂರಿನಲ್ಲಿ ಹುಟ್ಟಿರುವುದು ಸಹಜ.

ಎನ್/2ರಲ್ಲಿ ಮಗುವಿನ ಹುಟ್ಟಿದ ದಿನ, ತಂದೆತಾಯಿಯ ಹೆಸರು, ತಂದೆಯ ಹುದ್ದೆ ಸಿಗುತ್ತವೆ. ತಂದೆ ಯಾವ ಊರಿನವನು ಎಂಬುದು ಸಿಗುವುದಿಲ್ಲ. ಬಹಳಷ್ಟು ಹುಡುಕಾಟ ನಿಂತುಹೋಗುವುದು ಇಲ್ಲೇ. ಕಡಲು ದಾಟಿಸುವುದು ಸೈನ್ಯದ ಕಾಗದ. ರಾಜನ ಸೈನ್ಯದಲ್ಲಿದ್ದು ಪಿಂಚಣಿ ಪಡೆದವನಾದರೆ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆಗಳಲ್ಲಿ ಡಬ್ಲ್ಯುಓ 97 ಎಂಬ ಸರಣಿ ನೋಡಬೇಕು, ಬಿಡುಗಡೆ ಪತ್ರದ ಮೊದಲ ಸಾಲುಗಳಲ್ಲೇ ಹುಟ್ಟಿದ ಪ್ಯಾರಿಷ್ ಇರುತ್ತದೆ. ಕಂಪನಿಯ ಸೈನಿಕನಾದರೆ ಬ್ರಿಟಿಷ್ ಲೈಬ್ರರಿಯ ಎಲ್/ಎಂಐಎಲ್/9 ಸರಣಿಯಲ್ಲಿ ಹಡಗು ಹತ್ತಿದವರ ಪಟ್ಟಿಗಳಿವೆ. ಕಾಗುಣಿತಕ್ಕೆ ಜೋತುಬೀಳಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಥಾಮ್ಸನ್ ಎಂಬುದರಲ್ಲಿ ‘ಪಿ’ ಅಕ್ಷರ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಆಳು ಒಬ್ಬನೇ.

ಇಲ್ಲೇ ಇನ್ನೊಂದು ವಿಷಯವನ್ನು ಹೇಳಲೇಬೇಕು. ಆ ಕಾಲದ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಂದೆಯ ಹೆಸರು, ದರ್ಜೆ, ರೆಜಿಮೆಂಟು ಎಲ್ಲವೂ ಇರುತ್ತದೆ. ತಾಯಿ ಈ ನೆಲದವಳಾಗಿದ್ದರೆ ಬಹಳ ಕಡೆ ‘ಸ್ಥಳೀಯ ಹೆಂಗಸು’ ಎಂದಷ್ಟೇ ಬರೆದು ಬಿಟ್ಟಿದ್ದಾರೆ, ಇಲ್ಲವೆ ಮೇರಿ, ಆನ್ ಎಂದು ಒಂದು ಹೆಸರು. ಅವಳ ಅಪ್ಪ ಯಾರು, ಊರು ಗಂಜಾಂ ಆಗಿತ್ತೋ ಪಾಲಹಳ್ಳಿಯೋ, ಅದಕ್ಕೆ ಕಾಲಂ ಇರಲಿಲ್ಲ. ಯಾರ್ಕ್‌ಷೈರಿನ ಚರ್ಚಿನಲ್ಲಿ ಮುತ್ತಜ್ಜನ ಹೆಸರು ಸಿಕ್ಕಿದಾಗ ಕಣ್ಣು ತುಂಬಿ ಬರುವುದು ನಿಜ, ಬರಲಿ. ಆದರೆ ವಂಶವೃಕ್ಷ ಬರೆಯುವಾಗ ಮುತ್ತಜ್ಜಿಯ ಜಾಗವನ್ನು ಅಳಿಸಬೇಡಿ. ಹೆಸರು ಗೊತ್ತಿಲ್ಲದಿದ್ದರೂ ಖಾಲಿ ಚೌಕ ಹಾಗೇ ಇರಲಿ, ‘ಶ್ರೀರಂಗಪಟ್ಟಣ, ಸುಮಾರು 1805’ ಎಂದು ಅದರೊಳಗೆ ಬರೆಯಿರಿ. ಬೇರಿನ ಅರ್ಧ ಇಲ್ಲೇ ಕಾವೇರಿ ದಂಡೆಯಲ್ಲಿದೆ.

ಇನ್ನು ಅಲ್ಲಿನ ರಿಜಿಸ್ಟರುಗಳು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ರಿಜಿಸ್ಟರ್ ಶುರುವಾದದ್ದು 1538ರಲ್ಲಿ. ಮದುವೆಗೆ ಪ್ರತ್ಯೇಕ ನಮೂನೆ 1754ರಿಂದ, ದೀಕ್ಷಾಸ್ನಾನ ಮತ್ತು ಸಮಾಧಿಗೆ ಅಚ್ಚು ಹಾಕಿದ ಕಾಲಂಗಳು 1813ರಿಂದ, ಸರ್ಕಾರಿ ಜನನ ಮರಣ ನೋಂದಣಿ 1837ರ ಜುಲೈ 1ರಿಂದ. 1837ರ ನಂತರದ ಮದುವೆಯ ನಮೂದಿನಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಎರಡೂ ಇರುವುದರಿಂದ ಒಂದೇ ಕಾಗದದಲ್ಲಿ ಎರಡು ತಲೆಮಾರು ಸಿಗುತ್ತದೆ. ಸಮಾಧಿ ಪುಸ್ತಕದಲ್ಲಿ ಹೆಸರು, ಊರು, ವಯಸ್ಸು ಮಾತ್ರ; ಯಾರ ಮಗ ಎಂಬುದಿಲ್ಲ, ಹಾಗಾಗಿ ಅದೊಂದನ್ನೇ ನಂಬಿ ಸಂಬಂಧ ಕಟ್ಟಬಾರದು. ತಾರೀಖಿನ ಗೊಂದಲವೂ ಒಂದಿದೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮೊದಲಾಗುತ್ತಿದ್ದುದು, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹಾಗೆ, ಮಾರ್ಚ್ 25ಕ್ಕೆ. ಏಪ್ರಿಲ್ 1735ರಲ್ಲಿ ಮದುವೆ, ಫೆಬ್ರವರಿ 1735ರಲ್ಲಿ ಮಗುವಿನ ದೀಕ್ಷಾಸ್ನಾನ ಎಂದು ಓದಿ ಹೌಹಾರಬೇಡಿ. ಆ ಫೆಬ್ರವರಿ ಈಗಿನ ಲೆಕ್ಕದಲ್ಲಿ 1736. ಮದುವೆಯಾಗಿ ಹತ್ತು ತಿಂಗಳಾಗಿತ್ತು.

ಈಗ ಭಾನುವಾರಕ್ಕೆ ಬರೋಣ. ಮೈಸೂರಿನಲ್ಲಿ ಯಾವ ಭಾನುವಾರ ಹೋದರೂ ಚರ್ಚಿನ ಬಾಗಿಲು ತೆರೆದಿರುತ್ತದೆ, ಜನ ತುಂಬಿರುತ್ತಾರೆ. ಇಂಗ್ಲೆಂಡಿನ ಹಳ್ಳಿಗಳ ಸ್ಥಿತಿ ಹಾಗಿಲ್ಲ. ಒಬ್ಬರೇ ಪಾದ್ರಿ ನಾಲ್ಕೈದು, ಕೆಲವೆಡೆ ಇನ್ನೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಾರೆ. ನಿಮ್ಮ ಪೂರ್ವಿಕರ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಒಂಬತ್ತೂವರೆಗೆ, ಮೂರನೆಯ ಭಾನುವಾರ ಹನ್ನೊಂದಕ್ಕೆ, ಉಳಿದ ಭಾನುವಾರ ಇಲ್ಲವೇ ಇಲ್ಲ ಎಂಬಂಥ ಏರ್ಪಾಡು ಇರಬಹುದು. ಐದನೆಯ ಭಾನುವಾರ ಬಂದರೆ ಎಲ್ಲ ಊರಿನವರೂ ಯಾವುದೋ ಒಂದೇ ಚರ್ಚಿನಲ್ಲಿ ಸೇರುವುದುಂಟು. ‘ಎ ಚರ್ಚ್ ನಿಯರ್ ಯು’ ಎಂಬ ಚರ್ಚ್ ಆಫ್ ಇಂಗ್ಲೆಂಡಿನ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ವೇಳಾಪಟ್ಟಿ ಬರುತ್ತದೆ. ಅದನ್ನು ನೋಡಿದ ಮೇಲೂ, ಹೋಗುವ ಮೂರು ನಾಲ್ಕು ವಾರ ಮುಂಚೆ ಚರ್ಚಿನ ಉಸ್ತುವಾರಿ ನೋಡುವ ಚರ್ಚ್‌ವಾರ್ಡನ್‌ಗೆ ಒಂದು ಇಮೇಲ್ ಹಾಕಿ. ಐದಾರು ಸಾಲು ಸಾಕು: ಯಾರು ನೀವು, ಯಾವ ಭಾನುವಾರ ಬರುತ್ತೀರಿ, ಯಾವ ಹೆಸರನ್ನು ಯಾವ ವರ್ಷಗಳ ನಡುವೆ ಹುಡುಕುತ್ತಿದ್ದೀರಿ. ಹತ್ತು ಪುಟದ ಮನೆತನದ ಕಥೆ, ಇಪ್ಪತ್ತು ಫೋಟೊ ಲಗತ್ತಿಸಿದ ಪತ್ರಕ್ಕೆ ಉತ್ತರ ಬರುವುದು ಕಷ್ಟ. ಅಲ್ಲಿ ಆ ಕೆಲಸ ಮಾಡುವವರು ಸಂಬಳವಿಲ್ಲದ ಊರಿನ ಹಿರಿಯರು.

ಗಡಿಯಾರವೂ ಕೈಕೊಡುತ್ತದೆ. ಮಾರ್ಚಿನ ಕಡೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅಕ್ಟೋಬರಿನ ಕಡೆಯ ಭಾನುವಾರ ಹಿಂದಕ್ಕೆ. ಆ ಎರಡು ಬೆಳಗುಗಳಲ್ಲಿ ಹಳೇ ಕೈಗಡಿಯಾರ ನಂಬಿ ಹೊರಟರೆ ಮಾರ್ಚಿನಲ್ಲಿ ಆರಾಧನೆಯೇ ತಪ್ಪುತ್ತದೆ. ಹಳ್ಳಿಗಳಿಗೆ ಭಾನುವಾರ ಬಸ್ಸು ತೀರಾ ಕಡಿಮೆ, ಎಷ್ಟೋ ಕಡೆ ಇಲ್ಲವೇ ಇಲ್ಲ. ಮಕ್ಕಳ ಕಾರು ಇಲ್ಲದಿದ್ದರೆ ಹತ್ತಿರದ ಪೇಟೆಯಲ್ಲಿ ಶನಿವಾರವೇ ಉಳಿದುಕೊಳ್ಳಿ. ನವೆಂಬರಿನಲ್ಲಿ ಹೋಗುವವರಿಗೆ ಒಂದು ಕಿವಿಮಾತು: ಎರಡನೆಯ ಭಾನುವಾರ ಯುದ್ಧದಲ್ಲಿ ಮಡಿದವರ ಸ್ಮರಣೆ. ಆ ದಿನ ವೇಳೆ ಬದಲಾಗಿರುತ್ತದೆ, ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ. ಊರಿನ ಸ್ಮಾರಕದ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದುವ ರೂಢಿ ಬಹಳ ಕಡೆ ಇದೆ, ನಿಮ್ಮ ಮನೆತನದ ಹೆಸರು ಕಿವಿಗೆ ಬಿದ್ದರೂ ಬೀಳಬಹುದು.

ಕಾಲು ಗಂಟೆ ಮುಂಚೆ ಹೋಗಿ. ನಮ್ಮ ಹಳ್ಳಿ ಚರ್ಚುಗಳ ಹಾಗೆ ಚಪ್ಪಲಿ ಹೊರಗೆ ಬಿಡುವಂತಿಲ್ಲ, ಹಾಕಿಕೊಂಡೇ ಒಳಗೆ. ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಎಂಬುದೂ ಇಲ್ಲ, ಮನೆಯವರೆಲ್ಲ ಒಟ್ಟಿಗೆ ಕೂರಬಹುದು. ಸೀರೆ ಉಟ್ಟರೆ ತುಂಬಾ ಚೆನ್ನ, ಮೇಲೊಂದು ಸ್ವೆಟರ್ ಇರಲಿ. ಕಲ್ಲಿನ ಹಳೇ ಚರ್ಚು ಮೇ ತಿಂಗಳಲ್ಲೂ ಒಳಗೆ ಥಂಡಿ. ಬಾಗಿಲಲ್ಲಿ ನಿಂತವರು ಹಾಡಿನ ಪುಸ್ತಕ, ಆರಾಧನಾ ಕ್ರಮದ ಕಿರುಹೊತ್ತಗೆ, ಆ ವಾರದ ಪ್ರಕಟಣೆಯ ಹಾಳೆ ಕೊಡುತ್ತಾರೆ. ಹೊತ್ತಗೆಯಲ್ಲಿ ದಪ್ಪಕ್ಷರದಲ್ಲಿರುವುದು ಸಭೆ ಹೇಳಬೇಕಾದದ್ದು, ತೆಳು ಅಕ್ಷರ ಪಾದ್ರಿಗಳದು. ಹಾಡಿನ ನಂಬರು ಗೋಡೆಯ ಮೇಲಿನ ಮರದ ಹಲಗೆಯಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಕೂರಬೇಡಿ. ಹಿಂದಿನಿಂದ ನಾಲ್ಕನೆಯ ಸಾಲು ಒಳ್ಳೆಯದು, ಮುಂದಿನವರು ಎದ್ದಾಗ ಏಳಬಹುದು, ಕುಳಿತಾಗ ಕೂರಬಹುದು. ಕಾಲ ಬಳಿ ನೇತುಹಾಕಿರುವ ಕಸೂತಿ ದಿಂಬು ಮೊಣಕಾಲೂರಲು ಇರುವುದು, ಅದರ ಮೇಲೆ ಪಾದ ಇಡಬಾರದು. ಆ ಊರಿನ ಹೆಂಗಸರು ಕೈಯಾರೆ ಹೊಲಿದ ದಿಂಬುಗಳವು. ಕರ್ತನ ಪ್ರಾರ್ಥನೆ ಬಂದಾಗ ಕನ್ನಡದಲ್ಲೇ ಮೆಲ್ಲಗೆ ಹೇಳಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸಮಾಧಾನ ಹಂಚಿಕೊಳ್ಳುವ ಹೊತ್ತಿನಲ್ಲಿ ಎಲ್ಲರೂ ಕೈಕುಲುಕುತ್ತಾರೆ. ಕೈ ಮುಗಿದರೂ ಅರ್ಥವಾಗುತ್ತದೆ.

ಕರ್ತನ ಭೋಜನದ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವ, ಹೊತ್ತಿಗೆ ಗಲಿಬಿಲಿ ಸಹಜ. 1947ರ ಸೆಪ್ಟೆಂಬರ್ 27ರಂದು ಒಂದಾದ ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆ, ಆದ್ದರಿಂದ ಇಲ್ಲಿ ಭೋಜನ ತೆಗೆದುಕೊಳ್ಳುವವರು ಚರ್ಚ್ ಆಫ್ ಇಂಗ್ಲೆಂಡಿನಲ್ಲೂ ತೆಗೆದುಕೊಳ್ಳಬಹುದು. ಕಟಕಟೆಯ ಬಳಿ ಮೊಣಕಾಲೂರಿ, ಎಡಗೈ ಮೇಲೆ ಬಲಗೈ ಅಗಲವಾಗಿ ಇಡಿ. ಎಲ್ಲರಿಗೂ ಒಂದೇ ಬಟ್ಟಲು. ಮನಸ್ಸೊಪ್ಪದಿದ್ದರೆ ರೊಟ್ಟಿ ಮಾತ್ರ ತೆಗೆದುಕೊಂಡು ಏಳಬಹುದು, ಅಷ್ಟಕ್ಕೇ ಸಂಸ್ಕಾರ ಪೂರ್ಣ. ಕ್ಯಾಥೊಲಿಕರು ತಮ್ಮ ಸಭೆಯ ಕಟ್ಟಳೆಯಂತೆ ಆಂಗ್ಲಿಕನ್ ಭೋಜನ ತೆಗೆದುಕೊಳ್ಳುವುದಿಲ್ಲ. ಹಾಗೆಯೇ ಪ್ರಾಟೆಸ್ಟೆಂಟರು ಕ್ಯಾಥೊಲಿಕರ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಕೈ ಒಡ್ಡಬಾರದು. ಇಬ್ಬರೂ, ಜೊತೆಗೆ ಬಂದ ಹಿಂದೂ ಸೊಸೆ ಅಳಿಯಂದಿರೂ, ಎದೆಯ ಮೇಲೆ ಕೈ ಅಡ್ಡಡ್ಡವಾಗಿ ಇಟ್ಟು ತಲೆ ಬಾಗಿಸಿದರೆ ಆಶೀರ್ವಾದ ಸಿಗುತ್ತದೆ. ಕೂತಲ್ಲೇ ಕೂತರೂ ತಪ್ಪಿಲ್ಲ. ಇದೆಲ್ಲ ಕಷ್ಟವೆನಿಸುವವರಿಗೆ ನಾವು ಸೂಚಿಸುವುದು ಸಂಜೆಯ ಇವನ್‌ಸಾಂಗ್. ಅದರಲ್ಲಿ ಭೋಜನವಿಲ್ಲ, ಕೀರ್ತನೆ, ವಾಚನ, ಪ್ರಾರ್ಥನೆ ಮಾತ್ರ, ಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತದೆ. ದೊಡ್ಡ ಕೆಥೆಡ್ರಲ್‌ಗಳಲ್ಲಿ ವಾರದ ದಿನಗಳಲ್ಲೂ ಗಾಯಕರು ಹಾಡುತ್ತಾರೆ.

ಕಾಣಿಕೆಗೆ ಐದು ಪೌಂಡಿನ ನೋಟು ಸಾಕು. ಬೆಂಚಿನ ಮೇಲೆ ‘ಗಿಫ್ಟ್ ಏಡ್’ ಎಂಬ ಲಕೋಟೆ ಇರುತ್ತದೆ. ಅದು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಿಗೆ, ಅವರ ಹೆಸರಿನ ಮೇಲೆ ಚರ್ಚು ಸರ್ಕಾರದಿಂದ ತೆರಿಗೆಯ ಪಾಲು ವಾಪಸು ಪಡೆಯುತ್ತದೆ. ಮೈಸೂರಿನ ವಿಳಾಸ ಬರೆದು ಸಹಿ ಹಾಕಬೇಡಿ, ಲೆಕ್ಕ ತಪ್ಪುತ್ತದೆ. ನೋಟನ್ನು ಹಾಗೇ ತಟ್ಟೆಗೆ ಹಾಕಿ.

ನಿಜವಾದ ಹುಡುಕಾಟ ಶುರುವಾಗುವುದು ಆರಾಧನೆ ಮುಗಿದ ಮೇಲೆ, ಚರ್ಚಿನ ಹಿಂಬದಿಯಲ್ಲಿ ಕಾಫಿ ಟೀ ಕೊಡುವಾಗ. ಹೆಚ್ಚೆಂದರೆ ಅರ್ಧ ಗಂಟೆ. ಪಾದ್ರಿಗಳು ಮುಂದಿನ ಊರಿಗೆ ಓಡುವ ಆತುರದಲ್ಲಿರುತ್ತಾರೆ, ಅವರನ್ನು ಹಿಡಿದಿಡಬೇಡಿ. ವಾರ್ಡನ್ ಅನ್ನೋ, ಹೂವು ಜೋಡಿಸುವ ಹಿರಿಯ ಹೆಂಗಸನ್ನೋ ಮಾತಾಡಿಸಿ. ಕೇಳಬೇಕಾದ ಪ್ರಶ್ನೆ ಮೂರೇ: ಅಂಗಳದ ಸಮಾಧಿಗಳ ನಕ್ಷೆ ಯಾರ ಬಳಿ ಇದೆ, ಊರಿನ ಇತಿಹಾಸ ಬರೆದಿಟ್ಟವರು ಯಾರು, ಆ ಮನೆ ಹೆಸರಿನವರು ಸುತ್ತಮುತ್ತ ಇನ್ನೂ ಇದ್ದಾರೆಯೇ. ನಿಮ್ಮ ವಿವರವನ್ನು ಒಂದೇ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಇಮೇಲ್ ಬರೆದು, ನಾಲ್ಕು ಪ್ರತಿ ಒಯ್ದು ಕೊಟ್ಟು ಬನ್ನಿ. ಅಂದೇ ಉತ್ತರ ಬೇಕೆಂದು ಕೂರಬೇಡಿ. ಅವರು ಮನೆಗೆ ಹೋಗಿ ಅಕ್ಕಪಕ್ಕ ಕೇಳಿ ಬರೆಯುತ್ತಾರೆ.

ಸಮಾಧಿ ಕಲ್ಲು ಓದಲು ನಡುಮಧ್ಯಾಹ್ನ ಹೋದರೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದಾಗ ಸವೆದ ಅಕ್ಷರಕ್ಕೂ ನೆರಳು ಮೂಡುತ್ತದೆ. ಮೋಡವಿದ್ದರೆ ಅಥವಾ ಕಲ್ಲು ಬಿಸಿಲಿಗೆ ಬೆನ್ನು ತಿರುಗಿಸಿ ನಿಂತಿದ್ದರೆ ಒಂದು ಕನ್ನಡಿಯಿಂದಲೋ ಮೊಬೈಲ್ ಟಾರ್ಚಿನಿಂದಲೋ ಪಕ್ಕದಿಂದ ಬೆಳಕು ಹಾಯಿಸಿ. ಸ್ವಲ್ಪ ನೀರು ಚಿಮುಕಿಸಬಹುದು. ಸೀಮೆಸುಣ್ಣ, ಹಿಟ್ಟು, ಶೇವಿಂಗ್ ನೊರೆ ಹಚ್ಚುವುದು, ತಂತಿ ಬ್ರಷ್ ಹಾಕಿ ಪಾಚಿ ಕೆರೆಯುವುದು ಬೇಡವೇ ಬೇಡ; ಇನ್ನೂರು ವರ್ಷ ಮಳೆಗೆ ನಿಂತ ಅಕ್ಷರ ಒಂದೇ ಸಲ ಪದರಪದರವಾಗಿ ಉದುರಿಹೋಗುತ್ತದೆ. ಫೋ‌ಟೊ ಮೂರು ಬೇಕು: ಬರಹ ಹತ್ತಿರದಿಂದ, ಇಡೀ ಕಲ್ಲು, ಹಿಂದೆ ಗೋಪುರ ಕಾಣುವಂತೆ ದೂರದಿಂದ. ಮೂರನೆಯದಿಲ್ಲದಿದ್ದರೆ ಮುಂದೆ ಯಾರೂ ಆ ಜಾಗ ಗುರುತಿಸಲಾರರು. ಕೂಲಿನಾಲಿ ಮಾಡಿದವರಿಗೆ ಕಲ್ಲೇ ಇರುವುದಿಲ್ಲ. ಹುಲ್ಲು ಕತ್ತರಿಸಲು ಅಡ್ಡವೆಂದು ಕಲ್ಲುಗಳನ್ನು ಕಿತ್ತು ಗೋಡೆಗೆ ಒರಗಿಸಿರುವುದೂ ಇದೆ, ಹಾಗಿದ್ದಲ್ಲಿ ಕಲ್ಲಿನ ಕೆಳಗೇ ನಿಮ್ಮವರಿದ್ದಾರೆಂದು ತಿಳಿಯಬೇಡಿ.

ಕೋಲಾರದ ಗಣಿಗೆ ಕಾರ್ನ್‌ವಾಲ್‌ನಿಂದ ಬಂದವರ ಮನೆತನಗಳಿಗೆ ದಾರಿ ಬೇರೆ. ಅವರು ಬಹಳಷ್ಟು ಮಂದಿ ಮೆಥಡಿಸ್ಟರು. ಅವರ ಎಷ್ಟೋ ಚಾಪೆಲ್‌ಗಳು (ಸಣ್ಣ ಆರಾಧನಾ ಮಂದಿರಗಳು) ಮುಚ್ಚಿ ಈಗ ವಾಸದ ಮನೆಗಳಾಗಿವೆ, ಬಾಗಿಲು ಬಡಿಯುವ ಮುನ್ನ ನೋಡಿ. 1837ಕ್ಕಿಂತ ಹಿಂದಿನ ಅವರ ರಿಜಿಸ್ಟರುಗಳು ಕ್ಯೂನಲ್ಲಿ ಆರ್‌ಜಿ 4 ಸರಣಿಯಲ್ಲಿವೆ. ಕೌಂಟಿಯ ದಾಖಲೆಗಳು ರೆಡ್ರೂತ್ ಊರಿನ ಕ್ರೆಸೆನ್ ಕರ್ನೋ ಎಂಬ ದಾಖಲೆ ಕಚೇರಿಯಲ್ಲಿ. ಅದೇ ರೆಡ್ರೂತ್ ಬಳಿ ಗ್ವೆನಪ್ ಪಿಟ್ ಇದೆ, ಹುಲ್ಲು ಮೆಟ್ಟಿಲುಗಳ ದುಂಡು ಬಯಲು. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1762ರಿಂದ 1789ರ ನಡುವೆ ಹದಿನೆಂಟು ಸಲ ಅಲ್ಲಿ ಪ್ರಸಂಗ ಮಾಡಿದರು. ಮೇ ಕೊನೆಯ ಬ್ಯಾಂಕ್ ರಜೆಯ ಸೋಮವಾರ ಅಲ್ಲಿ ಬಯಲು ಆರಾಧನೆ ನಡೆಸುವ ಪದ್ಧತಿಯಿದೆ. ವೆಸ್ಲಿಯನ್ ಮಿಷನ್ನಿನ ನೆರಳಲ್ಲಿ ಬೆಳೆದ ಮೈಸೂರಿನ ಮನೆಯವರು ಸಾಧ್ಯವಾದರೆ ಆ ದಿನಕ್ಕೇ ಪ್ರಯಾಣ ಹೊಂದಿಸಿಕೊಳ್ಳಿ.

ಸ್ಕಾಟ್ಲೆಂಡಿನ ದಾಖಲೆ ಬಹುಪಾಲು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಒಂದೇ ಜಾಲತಾಣದಲ್ಲಿದೆ, ಸರ್ಕಾರಿ ನೋಂದಣಿ 1855ರಿಂದ. 1843ರಲ್ಲಿ ಅಲ್ಲಿನ ಸಭೆ ಎರಡಾಗಿ ಒಡೆದದ್ದರಿಂದ ಎಷ್ಟೋ ಕಡೆ ಒಂದೇ ಊರಿನಲ್ಲಿ ಎರಡು ಚರ್ಚುಗಳಿದ್ದವು, ನಿಮ್ಮವರು ಯಾವ ಕಡೆ ಎಂದು ತಿಳಿದು ಹೋಗಿ. ಅಲ್ಲಿ ಭೋಜನ ಪ್ರತಿವಾರ ಇಲ್ಲ; ಇರುವ ದಿನ ಹಿರಿಯರೇ ತಟ್ಟೆ ಹಿಡಿದು ಬೆಂಚಿಗೆ ತಂದುಕೊಡುತ್ತಾರೆ. ಐರ್ಲೆಂಡಿನವರಿಗೆ 1922ರ ಬೆಂಕಿ ದೊಡ್ಡ ಪೆಟ್ಟು. ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟು ಅಲ್ಲಿ ಇಟ್ಟಿದ್ದ ಪ್ರಾಟೆಸ್ಟೆಂಟ್ ರಿಜಿಸ್ಟರುಗಳು ಹೋದವು. ಕ್ಯಾಥೊಲಿಕ್ ರಿಜಿಸ್ಟರುಗಳು ಅಲ್ಲಿರಲಿಲ್ಲವಾಗಿ ಉಳಿದವು, ಸುಮಾರು 1880ರವರೆಗಿನವು ಐರ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಬಲಿಪೂಜೆಯ ಕ್ರಮ ಸಂತ ಫಿಲೋಮಿನಾ ಚರ್ಚಿನಲ್ಲಿ ಇರುವುದೇ ಅಲ್ಲೂ ಇರುವುದು, ಭಾಷೆ ಮಾತ್ರ ಬೇರೆ.

ಕೊನೆಯದಾಗಿ, ಇದೇ ಹುಡುಕಾಟದಲ್ಲಿ ಅಲ್ಲಿಂದ ಇಲ್ಲಿಗೆ ಬರುವವರೂ ಇದ್ದಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1781ರಲ್ಲಿ ಕಟ್ಟಿದ ಡಿ ಮೆರಾನ್ ರೆಜಿಮೆಂಟಿನವರು, ಅವರ ಹೆಂಡಿರು ಮಕ್ಕಳು ಅಲ್ಲಿ ಮಲಗಿದ್ದಾರೆ. ಅವರನ್ನು ಹುಡುಕಿ ಬಂದವರಿಗೂ ಭಾನುವಾರ ಎಲ್ಲಿ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ ಆರಾಧನೆ ಎಂಬ ಹಲಗೆ ನಮ್ಮ ಚರ್ಚುಗಳ ಗೇಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ. ಹಳೆಯ ರಿಜಿಸ್ಟರುಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಶಾಯಿಯನ್ನೇ ತಿನ್ನುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ, ಅಂಚು ಬಿಡದೆ ಪುಟಪುಟವನ್ನೂ ಫೋಟೊ ತೆಗೆದು ಎರಡು ಕಡೆ ಇಟ್ಟರೆ ಗೆದ್ದಲಿಗೂ ತೇವಕ್ಕೂ ಅಷ್ಟು ಹೆದರಬೇಕಿಲ್ಲ.

ಅಲ್ಲಿಗೆ ಹೋಗಿ ಬಂದವರು ವಾರ್ಡನ್‌ಗೆ ಒಂದು ಕೃತಜ್ಞತೆಯ ಪತ್ರ ಬರೆಯುವಾಗ, ನಿಮ್ಮ ಮುತ್ತಜ್ಜನ ಗೋರಿ ಇಲ್ಲಿರುವುದಾದರೆ ಅದರ ಫೋಟೊವನ್ನೂ, ಕಲ್ಲಿನ ಮೇಲೆ ಇದ್ದ ಹಾಗೇ ಅಕ್ಷರ ಬದಲಿಸದೆ ಬರೆದ ಬರಹವನ್ನೂ ಜೊತೆಗೆ ಕಳಿಸಿ. ಆ ಊರಿನ ಪುಸ್ತಕದಲ್ಲಿ ಅವರ ದೀಕ್ಷಾಸ್ನಾನ ಇದೆ, ಸಮಾಧಿ ಇಲ್ಲ.

ಇಂತಿ,
ಚರ್ಚ್ ದಾಖಲೆಗಳ ಓದಿನಲ್ಲಿ ತೊಡಗಿರುವ ಕೆಲವು ಓದುಗರು,
ಮೈಸೂರು